ಬೆಳಕು ಬರುತ್ತಿದೆ, ಲಿಂಕ್ ಮಾತ್ರ ಬರುತ್ತಿಲ್ಲ

ಪ್ರಶ್ನೆ: ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಸಮೀಪದಲ್ಲಿರುವ ಸಂಸ್ಥೆಯೊಂದರ ಸರ್ವರ್ ಕೋಣೆಯನ್ನು ನೋಡಿಕೊಳ್ಳುತ್ತಿದ್ದೇನೆ. ಈಚೆಗೆ 25 ಗಿಗಾಬಿಟ್ ಪೋರ್ಟ್‌ಗಳ ಡೇಟಾ ಸೆಂಟರ್ ಸ್ವಿಚ್ ಅಳವಡಿಸಿದೆವು. ಅದೇ ರ‍್ಯಾಕಿನ ಸರ್ವರ್‌ಗಳಿಗೆ 2 ಮೀಟರಿನ ತಾಮ್ರದ ಡ್ಯಾಕ್ ಕೇಬಲ್ ಹಾಕಿದಾಗ ಲಿಂಕ್ ಬಂತು. ಪಕ್ಕದ ಕೋಣೆಯ ಲಿನಕ್ಸ್ ಸರ್ವರ್‌ಗೆ ಮಲ್ಟಿಮೋಡ್ ಫೈಬರ್ ಎಳೆದರೆ, ಎರಡೂ ತುದಿಗಳಲ್ಲಿ ಬೆಳಕಿನ ಮಟ್ಟ ಸರಿಯಿದ್ದರೂ ಲಿಂಕ್ ಬರುತ್ತಿಲ್ಲ. ಇನ್ನೊಂದು ತೊಂದರೆ: ಸರ್ವರ್‌ಗಳ ಎಂಟಿಯುವನ್ನು, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರವನ್ನು, 9000 ಬೈಟ್‌ಗಳಿಗೆ ಏರಿಸಿದ ಮೇಲೆ ಪಿಂಗ್ ಹೋಗುತ್ತದೆ, ಬ್ಯಾಕಪ್ ನಡುವೆಯೇ ನಿಲ್ಲುತ್ತದೆ.

ಉತ್ತರ: ನಿಮ್ಮ ಮೊದಲ ತೊಂದರೆಗೆ ಕಾರಣ ಬಹುತೇಕ ಎಫ್‌ಇಸಿ, ಅಂದರೆ ದೋಷ ತಿದ್ದುವ ಸಂಕೇತದ ಹೊಂದಾಣಿಕೆ. ಡ್ಯಾಕ್ ಕೇಬಲ್‌ನಲ್ಲಿ ಎರಡು ತುದಿಗಳೂ ಆಟೋ-ನೆಗೋಷಿಯೇಷನ್ ಮೂಲಕ ಯಾವ ಸಂಕೇತ ಬಳಸಬೇಕೆಂದು ತಾವೇ ಮಾತಾಡಿಕೊಳ್ಳಬಲ್ಲವು. 25 ಗಿಗಾಬಿಟ್ ಫೈಬರ್ ಮಾಡ್ಯೂಲ್‌ಗಳಲ್ಲಿ ಆ ಮಾತುಕತೆಯೇ ಇಲ್ಲ. ಒಂದು ಕಡೆ ಆರ್‌ಎಸ್-ಎಫ್‌ಇಸಿ (ರೀಡ್-ಸಾಲೊಮನ್ ಬಗೆಯ ಎಫ್‌ಇಸಿ) ಇದ್ದು ಇನ್ನೊಂದು ಕಡೆ ಆಫ್ ಇದ್ದರೆ, ಬೆಳಕು ಎಷ್ಟೇ ಚೆನ್ನಾಗಿ ತಲುಪಿದರೂ ಅದರೊಳಗಿನ ಬಿಟ್‌ಗಳ ಜೋಡಣೆಯೇ ಪರಸ್ಪರ ಅರ್ಥವಾಗದ ಕಾರಣ ಪೋರ್ಟ್ ಡೌನ್ ಆಗಿಯೇ ಉಳಿಯುತ್ತದೆ.

25 ಗಿಗಾಬಿಟ್ ಈಥರ್ನೆಟ್‌ಗಾಗಿ ಬಂದ 2016ರ 802.3ಬಿವೈ ಮಾನದಂಡದ ಪ್ರಕಾರ, ಕಡಿಮೆ ದೂರಕ್ಕೆ ಬಳಸುವ ಮಲ್ಟಿಮೋಡ್ ಎಸ್‌ಆರ್ ಮಾಡ್ಯೂಲ್‌ಗೆ ಆರ್‌ಎಸ್-ಎಫ್‌ಇಸಿ ಕಡ್ಡಾಯ. 3 ಮೀಟರ್‌ವರೆಗಿನ ಒಳ್ಳೆಯ ಡ್ಯಾಕ್ ಅದಿಲ್ಲದೆಯೂ ನಡೆಯುತ್ತದೆ. ಆರ್‌ಎಸ್ ಎಂದರೆ 1960ರಲ್ಲಿ ರೀಡ್ ಮತ್ತು ಸಾಲೊಮನ್ ರೂಪಿಸಿದ ಸಂಕೇತ. ಗೀರು ಬಿದ್ದ ಸಿ.ಡಿ. ಹಾಡುವುದೂ ಇದೇ ಕುಟುಂಬದ ಸಂಕೇತದ ಬಲದಿಂದ. ಇಲ್ಲಿ 514 ಚಿಹ್ನೆಗಳ ದತ್ತಾಂಶಕ್ಕೆ 14 ಹೆಚ್ಚುವರಿ ಚಿಹ್ನೆಗಳು ಸೇರಿ 528 ಆಗುತ್ತವೆ, ಅದರಿಂದ 7 ಚಿಹ್ನೆಗಳವರೆಗಿನ ತಪ್ಪನ್ನು ತಿದ್ದಲು ಸಾಧ್ಯವಾಗುತ್ತದೆ.

ಆದ್ದರಿಂದ ಸ್ವಿಚ್‌ನ ಆ ಫೈಬರ್ ಪೋರ್ಟ್‌ನಲ್ಲಿ ವೇಗವನ್ನು 25 ಗಿಗಾಬಿಟ್ ಎಂದೂ ಎಫ್‌ಇಸಿಯನ್ನು ಆರ್‌ಎಸ್ ಎಂದೂ ಸ್ಪಷ್ಟವಾಗಿ ಬರೆಯಿರಿ. ಫೈಬರ್ ಪೋರ್ಟ್‌ಗಳನ್ನು 'ಆಟೋ'ಗೆ ಬಿಡುವುದು ನನ್ನ ಅನುಭವದಲ್ಲಿ ಸುಮ್ಮನೆ ಅರ್ಧ ದಿನ ಕಳೆಯುವ ದಾರಿ. ಸರ್ವರ್ ಕಡೆ ಇಥ್‌ಟೂಲ್ ಎಂಬ ಲಿನಕ್ಸ್ ಕಮಾಂಡ್‌ನಿಂದ ಅದನ್ನೇ ಹೊಂದಿಸಿ, ಆದರೆ ಇಥ್‌ಟೂಲ್ ಮಾಡಿದ ಬದಲಾವಣೆ ರೀಬೂಟ್ ಆದೊಡನೆ ಅಳಿಸಿಹೋಗುವುದರಿಂದ ಅದನ್ನು ಆರಂಭಿಕ ಸಂರಚನೆಯಲ್ಲೂ ಸೇರಿಸಿ. ಇನ್ನೊಂದು ವಿಷಯ: ಕೆಲವು ಸ್ವಿಚ್‌ಗಳಲ್ಲಿ ಅಕ್ಕಪಕ್ಕದ ನಾಲ್ಕು ಪೋರ್ಟ್‌ಗಳು ಒಂದೇ ವೇಗದಲ್ಲಿರಬೇಕು. ನೆರೆಯ ಪೋರ್ಟ್‌ನಲ್ಲಿ ಹಳೆಯ 10 ಗಿಗಾಬಿಟ್ ಮಾಡ್ಯೂಲ್ ಇದ್ದರೆ ಅದನ್ನೂ ಗಮನಿಸಿ.

ಲಿಂಕ್ ಬಂದ ಮೇಲೆ ಎಫ್‌ಇಸಿ ಲೆಕ್ಕವನ್ನು ನೋಡಿ. ತಿದ್ದಿದ ದೋಷಗಳು ಏರುತ್ತಿದ್ದರೆ ಗಾಬರಿ ಬೇಡ. ತಿದ್ದಲಾಗದ ದೋಷಗಳು ಏರತೊಡಗಿದರೆ ಮಾತ್ರ ಕನೆಕ್ಟರ್‌ನತ್ತ ಕೈ ಹೋಗಲಿ. ಭಟ್ಟಿಯ ಹೊಗೆ ಮತ್ತು ಬೂದಿಯ ನೆರೆಯಲ್ಲಿ, 50 ಮೈಕ್ರಾನ್ ತಿರುಳಿನ ಫೈಬರ್ ತುದಿಗೆ ಒಂದು ಸಣ್ಣ ಕಣವೂ ದೊಡ್ಡ ಅಡ್ಡಿ. ಒಣ ಕ್ಲೀನರ್‌ನಿಂದ ಒರೆಸದೆ ಯಾವ ತುದಿಯನ್ನೂ ಸಿಕ್ಕಿಸಬೇಡಿ, ತೆರೆದ ಪೋರ್ಟ್‌ಗೆ ಮುಚ್ಚಳ ಹಾಕಿಡಿ.

ಬ್ಯಾಕಪ್ ನಿಲ್ಲುವುದಕ್ಕೆ ಕಾರಣ ಬೇರೆ. ಎರಡೂ ಸರ್ವರ್‌ಗಳು ಪರಸ್ಪರ 9000 ಎಂದು ಒಪ್ಪಿಕೊಂಡು ದೊಡ್ಡ ಪ್ಯಾಕೆಟ್ ಕಳುಹಿಸುತ್ತವೆ. ನಡುವಿನ ಸ್ವಿಚ್ ಪೋರ್ಟ್ 1500ರಲ್ಲೇ ಉಳಿದಿದ್ದರೆ, ಅದು ಯಾರಿಗೂ ತಿಳಿಸದೆ ಆ ಫ್ರೇಮ್‌ಗಳನ್ನು ಬಿಸಾಡುತ್ತದೆ. ಸಾಮಾನ್ಯ ಪಿಂಗ್ ಚಿಕ್ಕದಾದ್ದರಿಂದ ದಾಟಿಹೋಗುತ್ತದೆ. ದಾರಿಯಲ್ಲಿರುವ ಎಲ್ಲ ಸ್ವಿಚ್ ಪೋರ್ಟ್‌ಗಳನ್ನೂ 9216ಕ್ಕೆ ಏರಿಸಿ. ಕೆಲವು ಮಾದರಿಗಳಲ್ಲಿ ಇದನ್ನು ಪೋರ್ಟ್‌ವಾರು ಬರೆಯದೆ, ಇಡೀ ಸ್ವಿಚ್‌ಗೆ ಅನ್ವಯಿಸುವ ಕ್ಯುಒಎಸ್ (ದಟ್ಟಣೆಯ ಆದ್ಯತೆ ನಿರ್ಧರಿಸುವ) ನೀತಿಯಲ್ಲಿ ಬರೆಯಬೇಕಾಗುತ್ತದೆ. ಬಳಿಕ, ಪ್ಯಾಕೆಟ್ಟನ್ನು ತುಂಡರಿಸಬಾರದೆಂಬ ಸೂಚನೆಯೊಂದಿಗೆ 8972 ಬೈಟ್‌ಗಳ ಪಿಂಗ್ ಕಳುಹಿಸಿ. ಐಪಿ ತಲೆಯ (ಹೆಡರ್) 20 ಮತ್ತು ಪಿಂಗ್ ಬಳಸುವ ಐಸಿಎಂಪಿಯ ತಲೆಯ 8 ಬೈಟ್ ಸೇರಿ ಅದು ಸರಿಯಾಗಿ 9000 ಆಗುತ್ತದೆ. ಅದಕ್ಕೆ ಉತ್ತರ ಬಂದ ಮೇಲೆ ಬ್ಯಾಕಪ್ ಆರಂಭಿಸಿ.