440ಬಿಎಕ್ಸ್ ಬೋರ್ಡ್‌ನಲ್ಲಿ 256 ಎಂಬಿ ರ‍್ಯಾಮ್ ಅರ್ಧವೇ ಕಾಣುತ್ತಿದೆ, ಸರಿಹೊಂದುವ ರ‍್ಯಾಮ್ ಹುಡುಕುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಪೆಂಟಿಯಂ 3 ಇರುವ, ಇಂಟೆಲ್ 440ಬಿಎಕ್ಸ್ ಚಿಪ್‌ಸೆಟ್‌ನ (ಪ್ರೊಸೆಸರನ್ನು ರ‍್ಯಾಮ್‌ಗೆ ಜೋಡಿಸುವ ಚಿಪ್) ಹಳೆಯ ಮದರ್‌ಬೋರ್ಡ್, ಅದರಲ್ಲಿ ಮೂರು ರ‍್ಯಾಮ್ ಸ್ಲಾಟ್. ಪಿಸಿ133 (133 ಮೆಗಾಹರ್ಟ್ಸ್ ವೇಗ) ಎಂದು ಬರೆದಿರುವ 256 ಎಂಬಿ ಸ್ಟಿಕ್ ಎರಡು ತಂದಿದ್ದೀರಿ. ಒಂದನ್ನು ಹಾಕಿದರೆ 128 ಎಂಬಿ ಎಂದು ತೋರಿಸುತ್ತದೆ. ಇನ್ನೊಂದನ್ನು ಹಾಕಿದರೆ ಪರದೆಯಲ್ಲಿ ಏನೂ ಬರುವುದಿಲ್ಲ, ಉದ್ದನೆಯ ಬೀಪ್ ಮಾತ್ರ. ಮಾರಿದವರು ಎರಡೂ ಚೆನ್ನಾಗಿವೆ ಎನ್ನುತ್ತಾರೆ. ಹಾಗಾದರೆ ಬೋರ್ಡ್ ಹಾಳಾಗಿದೆಯೇ ಎಂಬುದು ನಿಮ್ಮ ಚಿಂತೆ.

ಬೋರ್ಡ್ ಹಾಳಾಗಿಲ್ಲ. ಮಾರಿದವರೂ ಸುಳ್ಳು ಹೇಳಿರಲಿಕ್ಕಿಲ್ಲ. ಅರ್ಧ ಕಾಣುವ ಆ ಮೊದಲ ಸ್ಟಿಕ್ ಬಹುಶಃ ಚೆನ್ನಾಗಿಯೇ ಇದೆ. ಅದು ನಿಮ್ಮ ಬೋರ್ಡ್‌ಗೆ ಹೊಂದುವುದಿಲ್ಲ, ಅಷ್ಟೇ. ಈ ಕಾಲದ ಬೋರ್ಡ್‌ಗಳ ಜೊತೆ ನಾನು ತುಂಬಾ ವರ್ಷದಿಂದ ಒಡನಾಡುತ್ತಿದ್ದೇನೆ, ಜನ ಎಡವುವುದು ಜಾಸ್ತಿ ಇದೇ ಜಾಗದಲ್ಲಿ. ಎಲ್ಲರೂ ಎರಡು ವಿಷಯ ನೋಡುತ್ತಾರೆ: ಒಟ್ಟು ಎಷ್ಟು ಎಂಬಿ, ವೇಗ ಎಷ್ಟು. ಬೋರ್ಡ್‌ಗೆ ಮುಖ್ಯವಾದದ್ದು ಮೂರನೆಯದು. ಸ್ಟಿಕ್ ಮೇಲಿರುವ ಒಂದೊಂದು ಚಿಪ್ಪಿನೊಳಗೆ ಎಷ್ಟು ಮೆಗಾಬಿಟ್ ಇದೆ ಎಂಬುದು. ಅದನ್ನು ಅಂಟಿಸಿದ ಲೇಬಲ್ ಮೇಲೆ ಯಾರೂ ಬರೆದಿರುವುದಿಲ್ಲ.

440ಬಿಎಕ್ಸ್ ಬಂದದ್ದು 1998ರಲ್ಲಿ. ಅದಕ್ಕೆ 128 ಮೆಗಾಬಿಟ್‌ವರೆಗಿನ ಚಿಪ್ ಅರ್ಥವಾಗುತ್ತದೆ, ಅದಕ್ಕಿಂತ ದೊಡ್ಡದು ಆಗುವುದಿಲ್ಲ. ಎಂಟು ಬಿಟ್ ಸೇರಿ ಒಂದು ಬೈಟ್ ಅಲ್ವಾ, ಹಾಗಾಗಿ 128 ಮೆಗಾಬಿಟ್ ಎಂದರೆ ಒಂದು ಚಿಪ್ಪಿಗೆ 16 ಎಂಬಿ. ಅಂಥ ಹದಿನಾರು ಚಿಪ್ ಸೇರಿದರೆ 256 ಎಂಬಿ. ಆಮೇಲೆ 256 ಮೆಗಾಬಿಟ್ ಚಿಪ್‌ಗಳು ಬಂದವು. ಒಂದೊಂದರಲ್ಲಿ 32 ಎಂಬಿ, ಎಂಟೇ ಚಿಪ್ಪಿಗೆ 256 ಎಂಬಿ ಮುಗಿಯಿತು. ಎರಡು ಬಗೆಯ ಸ್ಟಿಕ್ಕಿನ ಲೇಬಲ್ ಮೇಲೂ 256 ಎಂಬಿ ಎಂದೇ ಇರುತ್ತದೆ, ಎರಡೂ ಅದೇ ಸ್ಲಾಟ್‌ನಲ್ಲಿ ಸಲೀಸಾಗಿ ಕೂರುತ್ತವೆ. ಹದಿನಾರು ಚಿಪ್ಪಿನದು ನಿಮ್ಮ ಬೋರ್ಡ್‌ನಲ್ಲಿ ಪೂರ್ತಿ ಕಾಣುತ್ತದೆ, ಎಂಟು ಚಿಪ್ಪಿನದು ಅರ್ಧ.

ಸರಿಯಾಗಿ ಅರ್ಧವೇ ಏಕೆ ಎಂಬುದನ್ನೂ ಹೇಳುತ್ತೇನೆ, ಏಕೆಂದರೆ ಇದು ಗೊತ್ತಾದರೆ ಮುಂದಿನದೆಲ್ಲ ಸುಲಭ. ಚಿಪ್ಪಿನ ಒಳಗನ್ನು ಚೌಕಳಿ ಹಾಳೆ ಎಂದುಕೊಳ್ಳಿ. ಸಾಲು ಇಷ್ಟನೆಯದು, ಕಂಬ ಇಷ್ಟನೆಯದು ಎಂದು ಹೇಳಿದರೆ ಒಂದು ಮನೆ ಸಿಗುತ್ತದೆ. 8 ಬಿಟ್ ಅಗಲದ, ಅಂದರೆ ಒಂದು ಸಲಕ್ಕೆ 8 ಬಿಟ್ ಕೊಡುವ 128 ಮೆಗಾಬಿಟ್ ಚಿಪ್ಪಿನಲ್ಲಿ ಇಂಥ ನಾಲ್ಕು ಹಾಳೆ ಇರುತ್ತವೆ, ಅವಕ್ಕೆ ಬ್ಯಾಂಕ್ ಎನ್ನುತ್ತಾರೆ. ಒಂದೊಂದು ಬ್ಯಾಂಕಿನಲ್ಲೂ 4096 ಸಾಲು, 1024 ಕಂಬ. 4096 ಸಾಲುಗಳನ್ನು ಗುರುತಿಸಲು 12 ಅಡ್ರೆಸ್ ತಂತಿ ಸಾಕು. 256 ಮೆಗಾಬಿಟ್ ಚಿಪ್ಪಿನಲ್ಲಿ ಉಳಿದದ್ದೆಲ್ಲ ಅದೇ, ಸಾಲು ಮಾತ್ರ 8192. ಅದಕ್ಕೆ 13ನೇ ತಂತಿ ಬೇಕು. ಬಿಎಕ್ಸ್ ಚಿಪ್‌ಸೆಟ್ ಆ 13ನೇ ಸಾಲು ಅಡ್ರೆಸ್ಸನ್ನು ಕಳಿಸುವುದೇ ಇಲ್ಲ. ಅರ್ಧ ಸಾಲುಗಳನ್ನು ಅದು ಮುಟ್ಟಲಾರದು. ಬಯಾಸ್ (ಆನ್ ಮಾಡಿದ ಕೂಡಲೇ ಓಡುವ, ಬೋರ್ಡ್‌ನಲ್ಲೇ ಇರುವ ಪ್ರೋಗ್ರಾಂ) ಎಣಿಸಿ ನೋಡಿ 128 ಎಂಬಿ ಎಂದು ಬರೆಯುತ್ತದೆ. ಕೆಲವು ಬಯಾಸ್‌ಗಳಿಗೆ ಈ ಎಣಿಕೆಯೇ ತಪ್ಪಿಹೋಗಿ ಬೂಟ್ ಆಗುವುದಿಲ್ಲ. ಹೊಸ ಬಯಾಸ್ ಹಾಕಿದರೆ ಇದು ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇಲ್ಲದ ತಂತಿಯನ್ನು ಬಯಾಸ್ ತರಲಾರದು. ಹಳೆಯ ಬಯಾಸ್ 128 ಮೆಗಾಬಿಟ್ ಚಿಪ್ಪನ್ನೂ ಗುರುತಿಸದಿದ್ದರೆ ಅಲ್ಲಿ ಮಾತ್ರ ಹೊಸದು ಉಪಯೋಗಕ್ಕೆ ಬರುತ್ತದೆ.

ಈಗ ನಿಮ್ಮ ಸ್ಟಿಕ್ ಕೈಗೆ ತೆಗೆದುಕೊಳ್ಳಿ. ಒಳ್ಳೆಯ ಬೆಳಕಿನಲ್ಲಿ ಸ್ವಲ್ಪ ಓರೆಯಾಗಿ ಹಿಡಿಯಿರಿ, ಕಪ್ಪು ಚಿಪ್ ಮೇಲಿನ ಮಾಸಿದ ಅಕ್ಷರ ಆಗ ಎದ್ದು ಕಾಣುತ್ತದೆ. ಸ್ಯಾಮ್‌ಸಂಗ್ ಚಿಪ್ ಆದರೆ ಕೆ4ಎಸ್ ಎಂದು ಶುರುವಾಗುತ್ತದೆ. ಅದರ ಮುಂದಿನ ಅಂಕಿಗಳನ್ನು ಓದಿ. ಕೆ4ಎಸ್280832 ಎಂದಿದ್ದರೆ 28 ಎಂದರೆ 128 ಮೆಗಾಬಿಟ್, ಅದರ ಪಕ್ಕದ 08 ಎಂದರೆ 8 ಬಿಟ್ ಅಗಲ. ನಿಮಗೆ ಬೇಕಾದದ್ದು ಇದೇ. ಕೆ4ಎಸ್560832 ಎಂದಿದ್ದರೆ 256 ಮೆಗಾಬಿಟ್. ನಿಮ್ಮ ಮೊದಲ ಸ್ಟಿಕ್ಕಿನಲ್ಲಿ ಒಂದೇ ಬದಿಗೆ ಎಂಟು ಚಿಪ್ ಇದ್ದು ಹಿಂಬದಿ ಖಾಲಿ ಇದ್ದರೆ, ಸ್ಯಾಮ್‌ಸಂಗ್‌ನದ್ದಾದರೆ ಈ ಎರಡನೇ ನಂಬರೇ ಕಾಣಬೇಕು. ಕೆ4ಎಸ್640832 ಎಂದರೆ 64 ಮೆಗಾಬಿಟ್. ಅಂಥ ಹದಿನಾರು ಚಿಪ್ಪಿನ ಸ್ಟಿಕ್ 128 ಎಂಬಿ ಆಗುತ್ತದೆ, ಬಿಎಕ್ಸ್‌ನಲ್ಲಿ ಯಾವ ತಕರಾರೂ ಇಲ್ಲದೆ ಓಡುತ್ತದೆ.

ಮೈಕ್ರಾನ್ ಚಿಪ್ ಓದುವುದು ಇನ್ನೂ ಸುಲಭ, ಸುಮ್ನೆ ಗುಣಿಸಿದರೆ ಸಾಕು. ಎಂಟಿ48ಎಲ್‌ಸಿ16ಎಂ8 ಎಂದಿದ್ದರೆ 16 ಗುಣಿಸು 8, ಅಂದರೆ 128. ಎಂಟಿ48ಎಲ್‌ಸಿ32ಎಂ8 ಎಂದಿದ್ದರೆ 256, ಅದು ಬೇಡ. ಹೈನಿಕ್ಸ್‌ನಲ್ಲಿ ಎಚ್‌ವೈ57ವಿ28820 ಎಂದರೆ 128 ಮೆಗಾಬಿಟ್, ಎಚ್‌ವೈ57ವಿ56820 ಎಂದರೆ 256. ಬೇರೆ ಕಂಪನಿಯ ಚಿಪ್ ಆದರೆ ನಂಬರನ್ನು ಹಾಗೇ ಟೈಪ್ ಮಾಡಿ ಡೇಟಾಶೀಟ್ ಹುಡುಕಿ. ಮೊದಲ ಪುಟದಲ್ಲೇ ಎಷ್ಟು ಮೆಗಾಬಿಟ್, ಎಷ್ಟು ಅಗಲ ಎಂದು ಇರುತ್ತದೆ. ಚಿಪ್ಪಿನ ಮೇಲೆ ರ‍್ಯಾಮ್ ಕಂಪನಿಯ ಸ್ವಂತ ಹೆಸರನ್ನೇ ಅಚ್ಚು ಹಾಕಿ ಮೂಲ ನಂಬರ್ ಅಳಿಸಿರುವ ಸ್ಟಿಕ್‌ಗಳೂ ಇವೆ. ಅಂಥದ್ದನ್ನು ನಾನು ಕೊಳ್ಳುವುದೇ ಇಲ್ಲ.

ಚಿಪ್ ಎಣಿಸಿದರೆ ಸಾಲದೇ ಎಂದು ನೀವು ಕೇಳಬಹುದು. ಎರಡು ಬದಿಗೂ ಎಂಟೆಂಟು, ಒಟ್ಟು ಹದಿನಾರು ಇದ್ದರೆ ಕೊಳ್ಳಿ ಎಂದು ಎಲ್ಲ ಕಡೆ ಹೇಳುತ್ತಾರೆ. ಬಹುಪಾಲು ಅದು ನಿಜವೂ ಹೌದು. ಆದರೆ ಕೆ4ಎಸ್280432 ಎಂಬ ಚಿಪ್ ಕೂಡ ಇದೆ. ಅದೂ 128 ಮೆಗಾಬಿಟ್ಟೇ, ಅಗಲ ಮಾತ್ರ 4 ಬಿಟ್. ಅದರಿಂದ ಮಾಡಿದ 256 ಎಂಬಿ ಸ್ಟಿಕ್ಕಿನಲ್ಲೂ ಹದಿನಾರೇ ಚಿಪ್ ಇರುತ್ತವೆ. ಮೇಲ್ನೋಟಕ್ಕೆ ವ್ಯತ್ಯಾಸ ಗೊತ್ತಾಗುವುದೇ ಇಲ್ಲ. ಆ ಬಗೆಯದ್ದನ್ನು ಮಾಮೂಲಿ ಬಿಎಕ್ಸ್ ಬೋರ್ಡ್‌ಗೆ ತರಬೇಡಿ. ನಿಮ್ಮ ಎರಡನೇ ಸ್ಟಿಕ್ ಬೂಟ್ ಆಗದಿರಲು ಇದೂ ಒಂದು ಕಾರಣ ಇರಬಹುದು, ಮೊದಲು ಆ 08, 04 ನೋಡಿ. ಹಾಗೆಯೇ ಕೆ4ಎಸ್561632 ಎಂಬ 16 ಬಿಟ್ ಅಗಲದ ಚಿಪ್. ಅಂಥ ನಾಲ್ಕೇ ಚಿಪ್ ಇರುವ 128 ಎಂಬಿ ಸ್ಟಿಕ್ ಸಿಗುತ್ತದೆ. ಅದೂ 256 ಮೆಗಾಬಿಟ್ಟೇ ಆದ್ದರಿಂದ ನಿಮ್ಮಲ್ಲಿ 64 ಎಂಬಿ ಎಂದು ಕಾಣುತ್ತದೆ. ಚಿಪ್ ಎಣಿಕೆ ಮೊದಲ ಜರಡಿಗೆ ಸರಿ. ಕೊನೆಗೆ ನಂಬರನ್ನೇ ನಂಬಬೇಕು.

ಒಂದು ಬದಿಗೆ ಎಂಟರ ಬದಲು ಒಂಬತ್ತು ಚಿಪ್ ಇದ್ದರೆ ಅದು ಇಸಿಸಿ, ಅಂದರೆ ತಪ್ಪನ್ನು ಹಿಡಿದು ತಿದ್ದಲು ನೆರವಾಗುವ ಬಗೆ. ಬಿಎಕ್ಸ್‌ಗೆ ಇಸಿಸಿ ಬರುತ್ತದೆ, ತೊಂದರೆ ಇಲ್ಲ. ಆ ಒಂಬತ್ತರ ಜೊತೆ ಬೇರೆ ಆಕಾರದ ಎರಡು ಮೂರು ಸಣ್ಣ ಚಿಪ್ ಕೂಡ ಇದ್ದರೆ ಅದು ಸರ್ವರ್‌ಗೆ ಮಾಡಿದ ರಿಜಿಸ್ಟರ್ಡ್ ರ‍್ಯಾಮ್. ನಿಮ್ಮ ಮ್ಯಾನ್ಯುಯಲ್ ಅದಕ್ಕೆ ಒಪ್ಪಿದರೆ ಮಾತ್ರ ಹಾಕಿ. ಮೂಲೆಯಲ್ಲಿ ಎಂಟು ಕಾಲಿನ ಒಂದು ಪುಟ್ಟ ಚಿಪ್ ಎಲ್ಲ ಸ್ಟಿಕ್ಕಿನಲ್ಲೂ ಇರುತ್ತದೆ. ಅದು ಎಸ್‌ಪಿಡಿ, ಸ್ಟಿಕ್ಕಿನ ವಿವರವನ್ನು ಬಯಾಸ್‌ಗೆ ಹೇಳುವಂಥದ್ದು. ಅದನ್ನು ನೋಡಿ ರಿಜಿಸ್ಟರ್ಡ್ ಎಂದುಕೊಳ್ಳಬೇಡಿ.

ವೇಗದ ಬಗ್ಗೆ ತಲೆ ಕೆಡಿಸಿಕೊಳ್ಳುವ ಅಗತ್ಯವೇ ಇಲ್ಲ. ಬಿಎಕ್ಸ್ ಓಡುವುದು 100 ಮೆಗಾಹರ್ಟ್ಸ್‌ನಲ್ಲಿ. ಪಿಸಿ133 ಸ್ಟಿಕ್ ಅಲ್ಲಿ ಆರಾಮಾಗಿ 100ಕ್ಕೆ ಇಳಿದು ಕೆಲಸ ಮಾಡುತ್ತದೆ. ಎಷ್ಟೋ ಸಲ 133ರಲ್ಲಿ ಸಿಎಲ್3 (ಸಿಎಲ್ ಎಂದರೆ ಡೇಟಾ ಕೊಡುವ ಮೊದಲು ಎಷ್ಟು ಕ್ಲಾಕ್ ಕಾಯಬೇಕು ಎಂಬುದು) ಬೇಡುವ ಸ್ಟಿಕ್ 100ರಲ್ಲಿ ಸಿಎಲ್2ಗೇ ಒಪ್ಪಿಕೊಳ್ಳುತ್ತದೆ. ಪಿಸಿ66 ಎಂದು ಬರೆದಿರುವುದನ್ನು ಮಾತ್ರ ಬಿಟ್ಟುಬಿಡಿ.

ಕೊಳ್ಳುವ ಮೊದಲು ನಿಮ್ಮದು ನಿಜವಾಗಿಯೂ ಬಿಎಕ್ಸ್ ಹೌದೋ ಅಲ್ಲವೋ ಖಚಿತ ಮಾಡಿಕೊಳ್ಳಿ. ಮಾರಾಟದ ವಿವರಣೆಯಲ್ಲಿ ಬರೆದಿದ್ದನ್ನು ನಂಬಬೇಡಿ, ಚಿಪ್‌ಸೆಟ್ ಮೇಲೆ 82443ಬಿಎಕ್ಸ್ ಎಂದು ಅಚ್ಚಾಗಿರುತ್ತದೆ. ಮೇಲೆ ಹೀಟ್‌ಸಿಂಕ್ ಅಂಟಿಸಿದ್ದರೆ ಅದನ್ನು ಕಿತ್ತುಹಾಕುವ ಸಾಹಸ ಬೇಡ. ಆನ್ ಮಾಡಿದ ಕೂಡಲೇ ಕೀಬೋರ್ಡಿನ ಪಾಜ್ (Pause) ಕೀ ಒತ್ತಿ. ಅವಾರ್ಡ್ ಬಯಾಸ್ ಆದರೆ ಪರದೆಯ ಕೆಳಗಿನ ಸಾಲಿನಲ್ಲಿ ತಾರೀಖು, ಚಿಪ್‌ಸೆಟ್ ಹೆಸರು, ಬೋರ್ಡ್ ಗುರುತು ಎಲ್ಲ ಉದ್ದಕ್ಕೆ ಕಾಣುತ್ತದೆ. ಅದರಿಂದ ಬೋರ್ಡ್ ಮಾಡೆಲ್ ಹಿಡಿದು ದಿ ರೆಟ್ರೊ ವೆಬ್ ಎಂಬ ವೆಬ್‌ಸೈಟಿನಲ್ಲಿ ಹುಡುಕಿದರೆ ಬಹಳಷ್ಟು ಬೋರ್ಡ್‌ಗಳ ಮ್ಯಾನ್ಯುಯಲ್, ಬಯಾಸ್ ಎರಡೂ ಸಿಗುತ್ತವೆ. ಮ್ಯಾನ್ಯುಯಲ್‌ನಲ್ಲಿ ಸ್ಲಾಟ್‌ಗೆ 128 ಎಂಬಿ ಮಾತ್ರ ಎಂದಿದ್ದರೆ ಬೇಜಾರಾಗಬೇಡಿ. ಅದನ್ನು ಅಚ್ಚು ಹಾಕಿದಾಗ 256ರ ಸ್ಟಿಕ್ ಇನ್ನೂ ಬಂದೇ ಇರಲಿಲ್ಲ ಎಂದೂ ಇರಬಹುದು. ಚಿಪ್‌ಸೆಟ್ಟಿನ ಮಿತಿ ಒಟ್ಟು 1 ಜಿಬಿ. ನಿಮ್ಮ ಮೂರು ಸ್ಲಾಟ್‌ಗೆ 768 ಎಂಬಿ.

ಅಷ್ಟು ಬೇಕೇ ಎಂಬುದು ಬೇರೆ ಮಾತು. ವಿಂಡೋಸ್ 98 ಹಾಕುವುದಾದರೆ 256 ಎಂಬಿ ಧಾರಾಳ. 512 ದಾಟಿದರೆ ಅದರ ವಿಕ್ಯಾಶ್ ಎಂಬ ಫೈಲ್ ಕ್ಯಾಶ್ ಅತಿಯಾಗಿ ಜಾಗ ಹಿಡಿದು, ಮೆಮೊರಿ ಇದ್ದೂ ಇಲ್ಲ ಎಂಬ ಎರರ್ ಬರಬಹುದು. ಸಿಸ್ಟಮ್ ಐಎನ್‌ಐ ಫೈಲಿನ ವಿಕ್ಯಾಶ್ ಭಾಗದಲ್ಲಿ ಮ್ಯಾಕ್ಸ್‌ಫೈಲ್‌ಕ್ಯಾಶ್ ಬೆಲೆಯನ್ನು ಕಡಿಮೆ ಮಾಡಿ ಇದನ್ನು ತಪ್ಪಿಸಬಹುದು. ಆದರೂ ನನ್ನನ್ನು ಕೇಳಿದರೆ, 98ಕ್ಕೆ 128ರ ಎರಡು ಒಳ್ಳೆಯ ಸ್ಟಿಕ್ ಹುಡುಕಿ ಹಾಕುವುದು ಹದಿನಾರು ಚಿಪ್ಪಿನ 256ಕ್ಕಾಗಿ ಅಲೆಯುವುದಕ್ಕಿಂತ ಮೇಲು. ವಿಂಡೋಸ್ 2000 ಅಥವಾ ಲಿನಕ್ಸ್ ಆದರೆ ಸ್ಲಾಟ್ ತುಂಬಿಸಿ.

ಆನ್‌ಲೈನ್‌ನಲ್ಲಿ ಕೊಳ್ಳುವಾಗ ಎರಡೂ ಬದಿಯ ಫೋಟೊ ಕೇಳಿ, ಒಂದು ಚಿಪ್ಪಿನ ನಂಬರ್ ಓದುವಷ್ಟು ಹತ್ತಿರದಿಂದ. ಬೇರೆ ಸ್ಟಿಕ್ಕಿನ ಫೋಟೊ ಹಾಕಿ ಇನ್ನೊಂದನ್ನು ಕಳಿಸುವವರಿದ್ದಾರೆ, ಹಾಗಾಗಿ ಫೋಟೊದಲ್ಲಿರುವುದೇ ಬರುತ್ತದೆಯೇ ಎಂದು ಬಾಯಿಬಿಟ್ಟು ಕೇಳಿ. ಹೈ ಡೆನ್ಸಿಟಿ ಎಂದು ಬರೆದಿದ್ದರೆ ಅದು ನಿಮ್ಮ ಬೋರ್ಡ್‌ಗೆ ಹೊಂದದ ಬಗೆ ಎಂದುಕೊಂಡು ಅಲ್ಲಿಂದ ಮುಂದೆ ಹೋಗಿ.

ಬಂದ ಮೇಲೆ ಹಾಕುವಾಗ ಒಂದು ಎಚ್ಚರ ಇರಲಿ. ಎಟಿಎಕ್ಸ್ ಬೋರ್ಡ್‌ನಲ್ಲಿ ಕಂಪ್ಯೂಟರ್ ಆಫ್ ಆಗಿದ್ದರೂ 5 ವೋಲ್ಟ್ ಸ್ಟ್ಯಾಂಡ್‌ಬೈ ಹರಿಯುತ್ತಿರುತ್ತದೆ. ಗೋಡೆಯ ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ, ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ರ‍್ಯಾಮ್ ಮುಟ್ಟಿ. ಸ್ಟಿಕ್ಕಿನ ಅಂಚಿನ ಚಿನ್ನದ ಪಟ್ಟಿಗಳನ್ನು ಐಸೊಪ್ರೊಪಿಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ. ಬಟ್ಟೆ ಕಪ್ಪಾಗುವುದು ನಿಂತರೆ ಸಾಕು. ಸ್ಲಾಟ್ ಒಳಗಿನ ಧೂಳನ್ನು ಗಾಳಿ ಊದಿ ತೆಗೆಯಿರಿ. ನಿಮ್ಮ ಎರಡನೇ ಸ್ಟಿಕ್ಕಿನ ನಂಬರ್ ಸರಿ ಇದ್ದೂ ಬೀಪ್ ಬರುತ್ತಿದ್ದರೆ ಅದಕ್ಕೆ ಕಾರಣ ಈ ಕೊಳೆಯೇ ಇರಬಹುದು. ಇಪ್ಪತ್ತು ವರ್ಷ ಪೆಟ್ಟಿಗೆಯಲ್ಲಿ ಬಿದ್ದಿದ್ದ ರ‍್ಯಾಮ್ ಒರೆಸಿದ ಕೂಡಲೇ ಎದ್ದಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಮೊದಲು ಒಂದೇ ಸ್ಟಿಕ್ ಹಾಕಿ. ಬೂಟ್ ಆಯಿತೆಂದು ನೇರ ವಿಂಡೋಸ್‌ಗೆ ಹೋಗದೆ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಎಂಬ ಪ್ರೋಗ್ರಾಂ ಓಡಿಸಿ, ಅದರ ಹಳೆಯ ಆವೃತ್ತಿಗಳು ಫ್ಲಾಪಿಯಿಂದಲೇ ಶುರುವಾಗುತ್ತವೆ. ಒಂದೇ ಒಂದು ಎರರ್ ಬಂದರೂ ಆ ಸ್ಟಿಕ್ ಬೇಡ, ಅಥವಾ ಬಯಾಸ್‌ನಲ್ಲಿ ಸಿಎಲ್2 ಇದ್ದದ್ದನ್ನು ಸಿಎಲ್3 ಮಾಡಿ ಮತ್ತೆ ನೋಡಿ. ಒಂದೊಂದೇ ಪಾಸಾದ ಮೇಲೆ ಎಲ್ಲವನ್ನೂ ಕೂರಿಸಿ ಇನ್ನೊಮ್ಮೆ ಓಡಿಸಿ. ಒಂಟಿಯಾಗಿ ಚೆನ್ನಾಗಿದ್ದವು ಮೂರು ಸೇರಿದಾಗ ತಕರಾರು ಮಾಡುವುದುಂಟು.

ಇನ್ನೂ ಹಳೆಯ ಬೋರ್ಡ್ ಇರುವವರು ಇದನ್ನು ಓದಿದರೆ ಅವರಿಗೂ ಎರಡು ಮಾತು. ಅವುಗಳಲ್ಲಿ ಹಾಕುವ ಹಳೆಯ ಬಗೆಯ ಸ್ಟಿಕ್ಕಿಗೆ ಸಿಮ್ ಎನ್ನುತ್ತಾರೆ, ನಿಮ್ಮಲ್ಲಿರುವ ಬಗೆಗೆ ಡಿಮ್. 72 ಪಿನ್ ಸಿಮ್ 32 ಬಿಟ್ ಅಗಲ. 486ಗೆ ಒಂದು ಸಾಕು, ಪೆಂಟಿಯಂಗೆ 64 ಬಿಟ್ ಬೇಕಾದ್ದರಿಂದ ಒಂದೇ ಥರದ ಜೋಡಿ ಹಾಕಬೇಕು. 30 ಪಿನ್ನಿನದು 8 ಬಿಟ್, 386ಡಿಎಕ್ಸ್ ಮತ್ತು 486ಗೆ ಒಮ್ಮೆಗೆ ನಾಲ್ಕು ಬೇಕು. ಸಿಮ್ ಪಟ್ಟಿ ತವರದ್ದಾದರೆ ತವರದ ಸಾಕೆಟ್, ಚಿನ್ನದ್ದಾದರೆ ಚಿನ್ನದ ಸಾಕೆಟ್ ಒಳ್ಳೆಯದು. ಬೆರೆಸಿದರೆ ಕಾಲ ಹೋದಂತೆ ಕಾಂಟ್ಯಾಕ್ಟ್ ಕೆಡುತ್ತದೆ. ಸಿಮ್, ಡಿಮ್ ಎರಡೂ ಸಾಕೆಟ್ ಇರುವ ಪೆಂಟಿಯಂ ಬೋರ್ಡ್‌ನಲ್ಲಿ ಎರಡನ್ನೂ ಒಟ್ಟಿಗೆ ತುಂಬಬೇಡಿ. ಸಿಮ್ 5 ವೋಲ್ಟ್, ಡಿಮ್ 3.3 ವೋಲ್ಟ್. ಇಂಟೆಲ್ 430ಟಿಎಕ್ಸ್ 256 ಎಂಬಿವರೆಗೆ ತೆಗೆದುಕೊಂಡರೂ ಬೋರ್ಡ್ ಮೇಲಿನ ಕ್ಯಾಶ್ (ವೇಗ ಹೆಚ್ಚಿಸುವ ಸಣ್ಣ ಮೆಮೊರಿ) ಸಿಗುವುದು ಮೊದಲ 64 ಎಂಬಿಗೆ ಮಾತ್ರ. ಅಲ್ಲಿ ಜಾಸ್ತಿ ರ‍್ಯಾಮ್ ಹಾಕಿದರೆ ಕಂಪ್ಯೂಟರ್ ನಿಧಾನವಾಗಲೂಬಹುದು.

ನಿಮ್ಮ ಮೊದಲ ಸ್ಟಿಕ್ಕನ್ನು ಎಸೆಯಬೇಡಿ. ಇಂಟೆಲ್ 815 ಬೋರ್ಡ್‌ನಲ್ಲಿ ಅದು ಪೂರ್ತಿ 256 ಎಂಬಿಯಾಗಿ ಓಡುತ್ತದೆ. ಸದ್ಯಕ್ಕೆ ಮೆಮ್‌ಟೆಸ್ಟ್ ಪಾಸಾದರೆ ಅದನ್ನೇ 128 ಎಂಬಿ ಎಂದುಕೊಂಡು ನಿಮ್ಮ ಬೋರ್ಡ್‌ನಲ್ಲೇ ಇಟ್ಟು ಬಳಸಿ. ಎರಡನೇ ಸ್ಟಿಕ್ಕಿನ ಚಿಪ್ ನಂಬರನ್ನು ಹಾಗೇ ಇಲ್ಲಿ ಬರೆಯಿರಿ, ಚಿಪ್ ಎಷ್ಟಿವೆ ಎಂಬುದನ್ನೂ ಸೇರಿಸಿ. ಅದು ಒರೆಸಿದರೆ ಎದ್ದೇಳುವ ಸ್ಟಿಕ್ಕೋ, ಮಾರಿದವರಿಗೆ ವಾಪಸ್ ಕೊಡಬೇಕಾದದ್ದೋ ನೋಡಿ ಹೇಳುತ್ತೇನೆ.