ಗೋಧಿಯೂ ಬೇಡ, ಕಡಲೆಕಾಯಿಯೂ ಬೇಡ: ರಾಗಿ ಬಾರ್ ಪುಡಿಯಾಗದ ಹಾಗೆ ಮಾಡೋದು

ಸಕಲೇಶಪುರದಿಂದ ಕೇಳಿದವರಿಗೆ. ಮಗಳಿಗೆ ಸೀಲಿಯಾಕ್, ಅಂದರೆ ಗೋಧಿ, ಬಾರ್ಲಿಯಲ್ಲಿರುವ ಗ್ಲುಟನ್ ಅನ್ನೋ ಪ್ರೋಟೀನ್ ಕರುಳಿಗೆ ಆಗದ ಕಾಯಿಲೆ, ಜೊತೆಗೆ ಕಡಲೆಕಾಯಿ ಅಲರ್ಜಿ. ಶಾಲೆ ಡಬ್ಬಿಗೆ ರಾಗಿ ಬಾರ್ ಮಾಡಿದರೆ ಕತ್ತರಿಸುವಾಗ ಪುಡಿಯಾಗುತ್ತೆ, ಎರಡು ದಿನಕ್ಕೆ ಅಂಟಂಟಾಗುತ್ತೆ, ಗೋಧಿ ಮುಟ್ಟಿಸದಿದ್ದರೂ ಹೊಟ್ಟೆನೋವು ಬಂತು ಅಂದಿದ್ದೀರಿ. ಮೊದಲೆರಡು ಪಾಕದ ತಪ್ಪು. ಮೂರನೆಯದಕ್ಕೆ ಕಾರಣ ಬೇರೆಯೂ ಇರಬಹುದು, ಡಾಕ್ಟರಿಗೆ ಹೇಳಿ. ಆದರೆ ನನ್ನ ಮೊದಲ ಅನುಮಾನ ಗಿರಣಿಯ ಮೇಲೆ.

ರಾಗಿಯಲ್ಲಿ ಗ್ಲುಟನ್ ಇಲ್ಲ, ಗಿರಣಿಯಲ್ಲಿದೆ. ನಿಮ್ಮ ಮುಂದೆ ನಿಂತವರು ಗೋಧಿ ಬೀಸಿಸಿದ್ದರೆ ಕಲ್ಲಿನ ಸಂದಿನಲ್ಲಿ, ಹಿಟ್ಟು ಬೀಳುವ ಬಟ್ಟೆಯ ಚೀಲದಲ್ಲಿ ಉಳಿದದ್ದೆಲ್ಲ ನಿಮ್ಮ ರಾಗಿ ಹಿಟ್ಟಿಗೆ ಸೇರುತ್ತೆ. ಪ್ಯಾಕೆಟ್ ಮೇಲೆ ಗ್ಲುಟನ್ ಮುಕ್ತ ಅಂತ ಬರೆಯಬೇಕಾದರೆ ನಮ್ಮ ದೇಶದ ನಿಯಮದಲ್ಲಿ ಒಂದು ಕೆಜಿಗೆ 20 ಮಿಲಿಗ್ರಾಂ ಗ್ಲುಟನ್ ದಾಟುವಂತಿಲ್ಲ. ಗಿರಣಿಯಲ್ಲಿ ಒಂದು ಚಮಚ ಗೋಧಿ ಹಿಟ್ಟು ಬೆರೆತರೂ ಆ ಮಿತಿ ಎಲ್ಲೋ ಹಿಂದೆ ಉಳಿಯುತ್ತೆ. 'ಮೊದಲು ಎರಡು ಸೇರು ಅಕ್ಕಿ ಬಿಟ್ಟು ಆಮೇಲೆ ರಾಗಿ ಹಾಕಿ' ಅಂತ ಒಬ್ಬರು ಸಲಹೆ ಬರೆದಿದ್ದಾರೆ. ಸೀಲಿಯಾಕ್ ಮಗುವಿಗೆ ಅದು ಸಾಲದು.

ಸುಲಭದ ದಾರಿ ಹುರಿಹಿಟ್ಟು. ಹಸಿ ರಾಗಿ ಮಿಕ್ಸಿಗೆ ನುಣ್ಣಗೆ ಬಗ್ಗೋದಿಲ್ಲ, ಅರಳಿಸಿದ ರಾಗಿ ಒಂದೇ ನಿಮಿಷಕ್ಕೆ ಪುಡಿಯಾಗುತ್ತೆ, ಗಿರಣಿಯ ಹಂಗೇ ಇಲ್ಲ. ಅಂಗಡಿಯ ಹುರಿಹಿಟ್ಟು ತರಬೇಡಿ, ಅದರಲ್ಲಿ ಗೋಧಿ, ಹುರಿಗಡಲೆ, ಕಡಲೆಬೀಜ ಎಲ್ಲ ಸೇರಿರೋದು ಸಾಮಾನ್ಯ. ಇಡೀ ರಾಗಿ ತಂದು ಸಣ್ಣ ಕಣ್ಣಿನ ಜರಡಿ ಹಿಡಿಯಿರಿ. ರಾಗಿ ಕೆಳಗಿಳಿಯುತ್ತೆ, ಗೋಧಿ ಕಾಳಿದ್ದರೆ ಮೇಲೆ ಉಳಿಯುತ್ತೆ. ತೊಳೆದು ಚೆನ್ನಾಗಿ ಒಣಗಿಸಿ. 250 ಗ್ರಾಂಗೆ 25 ಮಿಲಿ ನೀರು, ಅಂದರೆ ಐದು ಟೀ ಚಮಚ, ಚಿಮುಕಿಸಿ ಕೈಯಲ್ಲಿ ಉಜ್ಜಿ, ಮುಚ್ಚಿದ ಡಬ್ಬಿಯಲ್ಲಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ದಪ್ಪ ಕಬ್ಬಿಣದ ಬಾಣಲೆಯನ್ನು ಹೊಗೆಯಾಡುವಷ್ಟು ಕಾಯಿಸಿ, ಒಂದೊಂದೇ ಹಿಡಿ ಹಾಕಿ, ಬಟ್ಟೆ ಉಂಡೆಯಿಂದ ಬಿಡದೆ ಆಡಿಸಿ. ಹತ್ತು ಹದಿನೈದು ಸೆಕೆಂಡಿಗೆ ಚಟಪಟ ಅಂದು ಬಿಳಿ ಹೂವಾಗುತ್ತೆ. ಎರಡು ಹಿಡಿ ಒಟ್ಟಿಗೆ ಹಾಕಿದರೆ ಬಾಣಲೆ ತಣ್ಣಗಾಗಿ ಕಾಳು ಅರಳದೆ ಸೀದುಹೋಗುತ್ತೆ. ಅರಳದ ಕಾಳನ್ನು ಜರಡಿಯಲ್ಲಿ ತೆಗೆದುಬಿಡಿ, ಇಲ್ಲದಿದ್ದರೆ ಬಾರ್ ತಿನ್ನುವಾಗ ಹಲ್ಲಿಗೆ ಮರಳು ಸಿಕ್ಕ ಹಾಗಾಗುತ್ತೆ.

ಕಡಲೆಕಾಯಿಯ ಕಾಟವೂ ಹೀಗೇ ಹಿಂಬಾಗಿಲಿಂದ ಬರೋದು. ಒಂದೇ ಗಾಣದಲ್ಲಿ ಕಡಲೆಕಾಯಿ, ಎಳ್ಳು, ಕೊಬ್ಬರಿ ಮೂರೂ ಆಡಿಸುತ್ತಾರೆ, ಹಾಗಾಗಿ ಗಾಣದ ಎಣ್ಣೆ ಬೇಡ, ಮನೆಯ ತುಪ್ಪ ಸಾಕು. ಭಟ್ಟಿಯಲ್ಲಿ ಹುರಿದ ಹುರಿಗಡಲೆ, ಮಂಡಕ್ಕಿಯೂ ಬೇಡ, ಅದೇ ಮರಳಿನಲ್ಲಿ ಕಡಲೆಬೀಜವೂ ಹುರಿದಿರಬಹುದು. ಮನೆಯಲ್ಲಿ ಶೇಂಗಾ ಚಟ್ನಿ ಅರೆಯುವ ಜಾರ್ ಬಿಟ್ಟು ಬೇರೆ ಜಾರ್ ಇಡಿ. ಸ್ಟೀಲ್ ತೊಳೆದರೆ ಹೋಗುತ್ತೆ, ಬ್ಲೇಡಿನ ಬುಡ, ಮುಚ್ಚಳದ ರಬ್ಬರ್ ಸಂದು ಹೋಗೋದಿಲ್ಲ. ಚಪಾತಿ ಮಣೆ, ಲಟ್ಟಣಿಗೆ ಹತ್ತಿರ ತರಲೇಬೇಡಿ.

ಈಗ ಅಳತೆ. 20 ಸೆಂ.ಮೀ. ಚೌಕದ ತಟ್ಟೆಗೆ, 16 ತುಂಡಿಗೆ: ರಾಗಿ ಹುರಿಹಿಟ್ಟು 60 ಗ್ರಾಂ, ಗರಿಗರಿಯಾಗಿ ಹುರಿದ ತೆಳು ಅವಲಕ್ಕಿ 80, ಎಳ್ಳು 60, ಕುಂಬಳ ಬೀಜ 60, ಒಣಕೊಬ್ಬರಿ ತುರಿ 40. ಎಳ್ಳು ಮಗಳಿಗೆ ಒಗ್ಗುತ್ತೆ ಅಂತ ಖಾತ್ರಿಯಿದ್ದರೆ ಮಾತ್ರ ಹಾಕಿ. ಅದೂ ಕೆಲವರಿಗೆ ಅಲರ್ಜಿ, ಆಗದಿದ್ದರೆ ಅಷ್ಟೇ ತೂಕ ಸೂರ್ಯಕಾಂತಿ ಬೀಜ. ಕೊಬ್ಬರಿಗೆ ಅರಸೀಕೆರೆ ಕಡೆಯ ಇಡೀ ಗಿಟಕು ತಂದು ಮನೆಯಲ್ಲೇ ತುರಿಯೋದು ಲೇಸು. ಪಾಕಕ್ಕೆ ಬೆಲ್ಲ 170 ಗ್ರಾಂ, ನೀರು 40 ಮಿಲಿ, ತುಪ್ಪ 20 ಗ್ರಾಂ, ಬೀಜ ತೆಗೆದು ಜಜ್ಜಿದ ಮೆತ್ತನೆ ಖರ್ಜೂರ 60 ಗ್ರಾಂ, ಅರ್ಧ ಚಮಚ ನಿಂಬೆರಸ, ಚಿಟಿಕೆ ಉಪ್ಪು, ಏಲಕ್ಕಿ. ನಿಂಬೆರಸ ರುಚಿಗಲ್ಲ, ಪಾಕ ಹರಳುಗಟ್ಟದೆ ಇರಲಿ ಅಂತ. ಹುರಿಹಿಟ್ಟನ್ನು 'ಪೌಷ್ಟಿಕ' ಅಂತ ಹೆಚ್ಚಿಸಬೇಡಿ. ಅದು ಪಾಕವನ್ನೆಲ್ಲ ಹೀರಿಕೊಳ್ಳುತ್ತೆ, ನಿಮ್ಮ ಬಾರ್ ಪುಡಿಯಾಗಲು ಅರ್ಧ ಕಾರಣ ಅದೇ.

ಇನ್ನರ್ಧ ಥರ್ಮಾಮೀಟರ್. ಇಂಗ್ಲಿಷ್ ವಿಡಿಯೋ ನೋಡಿ 118 ಡಿಗ್ರಿಗೆ ಇಳಿಸಿದೆ ಅಂದಿರಿ. ಆ ಲೆಕ್ಕ ಸಮುದ್ರಮಟ್ಟದ್ದು. ಹಾಸನ, ಸಕಲೇಶಪುರ, ಚಿಕ್ಕಮಗಳೂರು ಎಲ್ಲ 900 ಮೀಟರಿಗಿಂತ ಎತ್ತರ, ಇಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತೆ. ಹಾಗಾಗಿ ಪಾಕದ ಲೆಕ್ಕದಲ್ಲೂ ಮೂರು ಡಿಗ್ರಿ ಕಳೆಯಿರಿ, ನಿಮ್ಮಲ್ಲಿ 115 ಸಾಕು. ನೀವು 118ರವರೆಗೆ ಕಾಯಿಸಿದ್ದಕ್ಕೆ ಪಾಕ ಬಲಿತು, ಹಿಟ್ಟಿಗೆ ಬೆರೆಯುವ ಮೊದಲೇ ಗಟ್ಟಿಯಾಗಿದೆ. ಥರ್ಮಾಮೀಟರ್ ಇಲ್ಲದಿದ್ದರೂ ನಡೆಯುತ್ತೆ: ಬಟ್ಟಲು ತಣ್ಣೀರಿಗೆ ಒಂದು ಹನಿ ಬಿಡಿ. ಬೆರಳಲ್ಲಿ ಒತ್ತಿದರೆ ಉಂಡೆಯಾಗಿ ಚಪ್ಪಟೆಯಾಗಿಬಿಟ್ಟರೆ ಅದು ಲಾಡಿನ ಪಾಕ. ಉಂಡೆ ಆಕಾರ ಬಿಡದೆ, ಗಟ್ಟಿಯಾಗಿ ಒತ್ತಿದರೆ ಮಾತ್ರ ತಗ್ಗಿದರೆ ಬಾರಿನ ಪಾಕ. ತಟ್ಟೆಗೆ ಹಾಕಿದರೆ ಠಣ್ ಅಂದರೆ ಚಿಕ್ಕಿಗೆ ಹೋಯಿತು, ಎರಡು ಚಮಚ ನೀರು ಹಾಕಿ ಮತ್ತೆ ಹದಕ್ಕೆ ತನ್ನಿ.

ಬೆಲ್ಲ ಕರಗಿಸಿ ಮೊದಲು ಸೋಸಿ, ಆಮೇಲೆ ಸಣ್ಣ ಉರಿಯಲ್ಲಿ ನಿಂಬೆರಸ, ಉಪ್ಪು ಹಾಕಿ ಕಾಯಿಸಿ. ಹದ ಬಂದ ತಕ್ಷಣ ಒಲೆ ಆರಿಸಿ ಖರ್ಜೂರ, ತುಪ್ಪ, ಏಲಕ್ಕಿ ಕಲಸಿ, ಬೆಚ್ಚಗಿರುವ ಒಣ ಸಾಮಾನಿಗೆ ಸುರಿಯಿರಿ. ಬೆಚ್ಚಗಿರಬೇಕು, ತಣ್ಣಗಿನ ಅವಲಕ್ಕಿ ಮೇಲೆ ಬಿದ್ದರೆ ಪಾಕ ಅಲ್ಲಲ್ಲೇ ಗಂಟಾಗುತ್ತೆ. ಒಂದು ನಿಮಿಷದಲ್ಲಿ ಕಲಸಿ, ಬೆಣ್ಣೆ ಕಾಗದ ಹಾಸಿದ ತಟ್ಟೆಗೆ ತುಂಬಿ, ತುಪ್ಪ ಸವರಿದ ಬಟ್ಟಲಿನ ತಳದಿಂದ ಮೂಲೆ ಮೂಲೆಗೂ ಒತ್ತಿ. ನೀವು ಅಂದುಕೊಂಡದ್ದಕ್ಕಿಂತ ಜೋರಾಗಿ ಒತ್ತಬೇಕು. ಎಂಟು ಹತ್ತು ನಿಮಿಷಕ್ಕೆ, ಅಂಗೈಗೆ ಬಿಸಿ ತಾಳುವ ಹೊತ್ತಿಗೆ, ಚಾಕು ಎಳೆಯದೆ ಮೇಲಿಂದ ಒತ್ತಿ ಕತ್ತರಿಸಿ. ಪೂರ್ತಿ ಆರಿದ ಮೇಲೆ ಬಿಡಿಸಿ. ಆದರೂ ಉದುರಿದರೆ 30 ಗ್ರಾಂ ಬೆಲ್ಲದ ಹೊಸ ಪಾಕ ಮಾಡಿ, ಪುಡಿಯನ್ನು ಬೆಚ್ಚಗೆ ಮಾಡಿ ಕಲಸಿ ಮತ್ತೆ ಒತ್ತಿ.

ಓಟ್ಸ್ ಸೇರಿಸಬಹುದಾ ಅಂದವರಿಗೆ: ಮಾಮೂಲಿ ಓಟ್ಸಿಗೆ ಗೋಧಿ, ಬಾರ್ಲಿ ಬೆರಕೆಯಾಗಿರುತ್ತೆ. ಗ್ಲುಟನ್ ಮುಕ್ತ ಅಂತಿದ್ದದ್ದೂ ಕೆಲವು ಸೀಲಿಯಾಕ್ ಮಕ್ಕಳಿಗೆ ಆಗೋದಿಲ್ಲ, ಡಾಕ್ಟರ್ ಒಪ್ಪದೆ ಬೇಡ. ಮಾಲ್ಟ್ ಅನ್ನೋ ಪದ ನೋಡಿ ಮೋಸಹೋಗಬೇಡಿ. ರಾಗಿ ಮಾಲ್ಟ್ ಮೊಳಕೆ ರಾಗಿಯದ್ದು, ಬರೀ ಮಾಲ್ಟ್ ಅಂತಿದ್ದರೆ ಸಾಮಾನ್ಯವಾಗಿ ಬಾರ್ಲಿ. ಅಜ್ಜಿಗೆ ಸಕ್ಕರೆ ಕಾಯಿಲೆ, ಬೆಲ್ಲ ತಾನೆ, ಕೊಡಬಹುದಾ ಅಂದವರಿಗೆ: ಒಂದು ತುಂಡಿನಲ್ಲಿ ಹತ್ತು ಗ್ರಾಂಗೂ ಹೆಚ್ಚು ಬೆಲ್ಲ, ಮೇಲೆ ಖರ್ಜೂರ. ರಕ್ತಕ್ಕೆ ಅದೂ ಸಕ್ಕರೆಯೇ.

ಅಂಟಂಟಾಗೋದು ಮಳೆಗಾಲದ ಕಾಟ, ಬೆಲ್ಲ ಗಾಳಿಯ ತೇವ ಎಳೆಯುತ್ತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾಕವನ್ನು ಎರಡು ಡಿಗ್ರಿ ಮುಂದಕ್ಕೆ ಬಿಡಿ, ಖರ್ಜೂರ 40 ಗ್ರಾಂಗೆ ಇಳಿಸಿ, ಒಂದೊಂದು ತುಂಡನ್ನೂ ಕಾಗದದಲ್ಲಿ ಸುತ್ತಿ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ. ಹತ್ತು ದಿನಕ್ಕೆ ಆಗುವಷ್ಟೇ ಮಾಡಿ, ಆಮೇಲೆ ಕೊಬ್ಬರಿ, ಬೀಜ ಕಮಟು ಹಿಡಿಯಲು ಶುರು. ಫ್ರಿಜ್‌ನಲ್ಲಿಟ್ಟರೆ ಹೊರಗೆ ತಂದ ಕೂಡಲೇ ಮುಚ್ಚಳ ತೆಗೆಯಬೇಡಿ, ಅರ್ಧ ಗಂಟೆ ಬಿಡಿ, ಇಲ್ಲದಿದ್ದರೆ ಬಾರ್ ಮೇಲೆಲ್ಲ ನೀರು ಕಟ್ಟುತ್ತೆ.