ಹುಡುಗ ದೊಡ್ಡ ವಿಂಗರ್ ಆಗುತ್ತಾನೆಯೇ? ಟ್ರೈ ಎಣಿಸುವುದನ್ನು ಬಿಟ್ಟು ಇದನ್ನು ನೋಡಿ

ನಮಸ್ಕಾರ ಅಕ್ಕಾ. ನಿಮ್ಮ ಪ್ರಶ್ನೆಯನ್ನು ನಿನ್ನೆ ರಾತ್ರಿಯೇ ಓದಿದೆ. ಎರಡು ಸಾಲಿನಲ್ಲಿ ಮುಗಿಸುವಂಥದ್ದಲ್ಲ ಎನ್ನಿಸಿ ಇವತ್ತು ಬಿಡುವು ಮಾಡಿಕೊಂಡು ಬರೆಯುತ್ತಿದ್ದೇನೆ. ಮಗನಿಗೆ ಹದಿಮೂರು ವರ್ಷ, ಸಿಡ್ನಿಯ ಪಶ್ಚಿಮ ಭಾಗದ ಕ್ಲಬ್ಬಿನಲ್ಲಿ ರಗ್ಬಿ ಲೀಗ್ ಆಡುತ್ತಾನೆ, ವಿಂಗ್‌ನಲ್ಲಿ, ಅಂದರೆ ಮೈದಾನದ ಅಂಚಿನ ಜಾಗದಲ್ಲಿ, ನಿಂತು ಈ ವರ್ಷ 19 ಟ್ರೈ (ಎದುರಾಳಿಯ ಕೊನೆಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತುವುದು) ಗಳಿಸಿದ್ದಾನೆ, ಕೋಚ್ ಅವನನ್ನು ಬಾಯ್ತುಂಬ ಹೊಗಳಿದ್ದಾರೆ, ಅವನ ಅಪ್ಪನಿಗೆ ಮಾತ್ರ ಕ್ರಿಕೆಟ್ಟೇ ವಾಸಿ ಎನ್ನಿಸಿದೆ. ‘ಇವನು ನಿಜಕ್ಕೂ ಎಲ್ಲರಿಗಿಂತ ಒಳ್ಳೆಯ ವಿಂಗರ್ ಆಗಬಲ್ಲನೇ’ ಎಂದು ಕೇಳಿದ್ದೀರಿ. ನಾನು ಕೋಚ್ ಅಲ್ಲ. ಎಂಟು ವರ್ಷ ಮಕ್ಕಳ ತಂಡಗಳ ಮ್ಯಾನೇಜರ್ ಆಗಿ ನೀರು ಹೊತ್ತವನು, ಶನಿವಾರದ ಬೆಳಗುಗಳನ್ನೆಲ್ಲ ಮೈದಾನದ ಅಂಚಿನಲ್ಲೇ ಕಳೆದವನು. ಕಂಡದ್ದನ್ನು ಹೇಳುತ್ತೇನೆ.

ಹದಿಮೂರರ ಹುಡುಗನನ್ನು ನೋಡಿ ಹಾಗೆ ಹೇಳಲು ಯಾರಿಂದಲೂ ಆಗದು. ಇಲ್ಲಿನ ದೊಡ್ಡ ರಗ್ಬಿ ಲೀಗ್ ಸ್ಪರ್ಧೆಯಾದ ಎನ್‌ಆರ್‌ಎಲ್‌ನಲ್ಲಿ 2023ರಿಂದ 17 ತಂಡಗಳಿವೆ, ತಂಡಕ್ಕೆ ಇಬ್ಬರು ವಿಂಗರ್. ಇಡೀ ಸ್ಪರ್ಧೆಗೆ 34 ಜಾಗ. 2027ಕ್ಕೆ ಪರ್ತ್, 2028ಕ್ಕೆ ಪಪುವಾ ನ್ಯೂಗಿನಿಯ ತಂಡ ಸೇರುವುದೆಂದು ಘೋಷಣೆಯಾಗಿದೆ; ಆಗಲೂ ಅದು 38 ಆಗುತ್ತದೆ, ಅಷ್ಟೇ. ಅದಕ್ಕೂ ಮೊದಲು ಹೆರಾಲ್ಡ್ ಮ್ಯಾಥ್ಯೂಸ್ ಕಪ್, ಎಸ್.ಜಿ. ಬಾಲ್, ಜರ್ಸಿ ಫ್ಲೆಗ್ ಎಂದು ವಯಸ್ಸಿನ ಮೆಟ್ಟಿಲುಗಳಿವೆ. ಹೆದರಿಸಲು ಇದನ್ನು ಹೇಳುತ್ತಿಲ್ಲ. ನಿಮ್ಮ ಹುಡುಗ ಸರಿಯಾದ ದಾರಿಯಲ್ಲಿ ಇದ್ದಾನೋ ಇಲ್ಲವೋ ಎಂಬುದನ್ನು ಈಗಲೇ ನೋಡಿ ತಿಳಿಯಬಹುದು. ಆದರೆ ಅದು ಆ 19 ಟ್ರೈಗಳಲ್ಲಿ ಕಾಣುವುದಿಲ್ಲ.

ಹೊಸಬರ ಕಣ್ಣು ವಿಂಗರ್ ಮೇಲೆ ಬೀಳುವುದು ಅವನು ಚೆಂಡು ಹಿಡಿದು ಅಂಚಿನಲ್ಲಿ ಓಡುವಾಗ. ಆ ಓಟಕ್ಕೆ ಮೊದಲು ಎಷ್ಟು ಕೈಗಳ ಕೆಲಸ ನಡೆದಿರುತ್ತದೆ ನೋಡಿ. ಸೌತ್ ಸಿಡ್ನಿ ತಂಡದ ವಿಂಗರ್ ಅಲೆಕ್ಸ್ ಜಾನ್‌ಸ್ಟನ್ 2021 ಮತ್ತು 2022ರಲ್ಲಿ ಸತತ ಎರಡು ವರ್ಷ ತಲಾ 30 ಟ್ರೈ ಗಳಿಸಿದರು. ಎಡ ಅಂಚಿನಲ್ಲಿ ಕೋಡಿ ವಾಕರ್ ಮತ್ತು ಲಟ್ರೆಲ್ ಮಿಚೆಲ್ ಎದುರಾಳಿಗಳನ್ನು ಒಳಕ್ಕೆ ಎಳೆದು, ಕೊನೆಯ ಕ್ಷಣದಲ್ಲಿ ಪಾಸ್ ಬಿಡುತ್ತಿದ್ದರು. ಆ ಪಾಸ್ ಬರುವ ಹೊತ್ತಿಗೆ ಸರಿಯಾಗಿ ಆ ಜಾಗದಲ್ಲಿರುವುದು ಜಾನ್‌ಸ್ಟನ್ ಅವರ ಕಲೆ, ಅದನ್ನು ನಾನು ಕಡೆಗಣಿಸುತ್ತಿಲ್ಲ. ಅದಕ್ಕೂ ಮೊದಲು, 2020ರಲ್ಲಿ, ಇದೇ ಆಟಗಾರನಿಗೆ ಕ್ಲಬ್ ಹೊಸ ಕರಾರು ಕೊಡಲು ಹಿಂದೆಮುಂದೆ ನೋಡಿತ್ತು. ಅದೇ ವರ್ಷದ ಲೀಗ್ ಹಂತದ ಕೊನೆಯ ಪಂದ್ಯದಲ್ಲಿ ರೂಸ್ಟರ್ಸ್ ವಿರುದ್ಧ ತಂಡ 60–8ರಿಂದ ಗೆದ್ದಾಗ ಐದು ಟ್ರೈ ಅವರದೇ. ಟ್ರೈ ಸಂಖ್ಯೆಯೊಂದನ್ನೇ ನಂಬಿ ಒಬ್ಬ ವಿಂಗರ್‌ನ ಬೆಲೆ ಕಟ್ಟುವುದು ಎಷ್ಟು ಕಷ್ಟ ಎನ್ನುವುದಕ್ಕೆ ಇದನ್ನು ಹೇಳಿದೆ.

ಹಾಗಾದರೆ ಏನನ್ನು ನೋಡಬೇಕು? ಎದುರಾಳಿ ಚೆಂಡನ್ನು ಒದ್ದು ನಿಮ್ಮ ತಂಡದ ಮೂಲೆಗೆ ತಳ್ಳಿದ ಮೇಲಿನ ಅರ್ಧ ನಿಮಿಷವನ್ನು ನೋಡಿ. ಇಂದಿನ ರಗ್ಬಿ ಲೀಗ್‌ನಲ್ಲಿ ವಿಂಗರ್‌ನ ನಿಜವಾದ ಸಂಪಾದನೆ ಅಲ್ಲಿದೆ. ದಪ್ಪ ಮೈಯ ಫಾರ್ವರ್ಡ್‌ಗಳು ಏದುಸಿರು ಬಿಡುತ್ತಾ ಹಿಂದಕ್ಕೆ ಬರುತ್ತಿರುತ್ತಾರೆ. ಅವರು ಬಂದು ಸೇರುವವರೆಗೆ ಮೊದಲ ಒಂದೆರಡು ಟ್ಯಾಕಲ್‌ಗಳಿಗೆ (ಎದುರಾಳಿ ಹಿಡಿದು ಕೆಡವುವುದಕ್ಕೆ) ಎದೆ ಕೊಟ್ಟು ಚೆಂಡನ್ನು ಮುಂದಕ್ಕೆ ಒಯ್ಯುವವರು ವಿಂಗರ್ ಮತ್ತು ಎಲ್ಲರ ಹಿಂದೆ ನಿಲ್ಲುವ ಫುಲ್‌ಬ್ಯಾಕ್. ಒಂದು ಸರದಿಗೆ ಇರುವುದೇ ಆರು ಟ್ಯಾಕಲ್, ಆಮೇಲೆ ಚೆಂಡು ಎದುರಾಳಿಗೆ. ಮೊದಲೆರಡರಲ್ಲಿ ಇಪ್ಪತ್ತು ಮೀಟರ್ ದಕ್ಕಿದರೆ ಉಳಿದ ನಾಲ್ಕು ಬೇರೆಯದೇ ಆಟವಾಗುತ್ತದೆ. ಪೆನ್ರಿತ್‌ನ ಬ್ರಯನ್ ಟೊಒ ಅವರನ್ನು ನೋಡಲು ಮಗನಿಗೆ ಹೇಳಿ. ಗಿಡ್ಡ ಅಲ್ಲ, ಆದರೆ ಎತ್ತರದ ಆಳೂ ಅಲ್ಲ. ಗಟ್ಟಿಯಾದ ತೊಡೆ, ತಗ್ಗಿದ ಭುಜ. ಒಂದು ಪಂದ್ಯದಲ್ಲಿ 200 ಮೀಟರ್‌ಗಿಂತ ಹೆಚ್ಚು ಚೆಂಡು ಒಯ್ಯುವುದು ಅವರಿಗೆ ಮಾಮೂಲು. 2021ರಿಂದ 2024ರವರೆಗೆ ಪೆನ್ರಿತ್ ನಾಲ್ಕು ಬಾರಿ ಸತತವಾಗಿ ಚಾಂಪಿಯನ್ ಆದಾಗ, ಆ ತಂಡದ ಪ್ರತಿಯೊಂದು ದಾಳಿಗೂ ಅಡಿಪಾಯ ಹಾಕುತ್ತಿದ್ದುದು ಈ ಓಟಗಳೇ ಎಂದು ನಾನು ನಂಬುತ್ತೇನೆ.

ನೀವು ಮಂಡ್ಯದ ಕಡೆಯವರು ಎಂದು ಬರೆದಿದ್ದೀರಿ, ಕಬಡ್ಡಿ ನೋಡಿಯೇ ಇರುತ್ತೀರಿ. ರೈಡರ್‌ಗೆ ಅಂಚಿನ ಗೆರೆಯೂ ಒಬ್ಬ ಎದುರಾಳಿ ಇದ್ದಂತೆ ಅಲ್ಲವೇ? ವಿಂಗರ್‌ಗೂ ಹಾಗೆಯೇ. ಚೆಂಡು ಗೆರೆಯ ಕಡೆಯ ತೋಳಿನಲ್ಲಿರಬೇಕು, ಮೈದಾನದ ಕಡೆಯ ಕೈ ಎದುರಾಳಿಯನ್ನು ದೂಡಲು ಖಾಲಿ ಇರಬೇಕು. ಮೆಲ್ಬರ್ನ್ ಸ್ಟಾರ್ಮ್‌ನ ಜೇವಿಯರ್ ಕೋಟ್ಸ್ 2024ರ ಮಾರ್ಚ್‌ನಲ್ಲಿ ವಾರಿಯರ್ಸ್ ವಿರುದ್ಧ ಕೊನೆಯ ಗಳಿಗೆಯಲ್ಲಿ ಗಳಿಸಿದ ಟ್ರೈಯನ್ನು ಇಂಟರ್‌ನೆಟ್‌ನಲ್ಲಿ ಹುಡುಕಿ ತೋರಿಸಿ. 194 ಸೆಂಟಿಮೀಟರ್ ಎತ್ತರದ ಆಳು ಗಾಳಿಯಲ್ಲಿ ಅಡ್ಡಲಾಗಿ ಹಾರಿ, ದೇಹ ಅಂಚಿನ ಗೆರೆಯಾಚೆ ತೇಲುತ್ತಿರುವಾಗಲೇ ಚೆಂಡನ್ನು ಗೆರೆಯೊಳಗೆ ನೆಲಕ್ಕೆ ಒತ್ತುತ್ತಾರೆ. ಮೈ ನೆಲ ಮುಟ್ಟುವವರೆಗೆ ಆಚೆ ಹೋದಂತಲ್ಲ, ನಿಯಮವೇ ಹಾಗಿದೆ. ಟೊಒ ಮತ್ತು ಕೋಟ್ಸ್ ಮೈಕಟ್ಟಿನಲ್ಲಿ ಅಜಗಜಾಂತರ, ಇಬ್ಬರೂ ದೊಡ್ಡ ವಿಂಗರ್‌ಗಳು. ಮಗನ ಎತ್ತರದ ಬಗ್ಗೆ ನೀವು ಪಟ್ಟಿರುವ ಚಿಂತೆಯನ್ನು ದಯವಿಟ್ಟು ಬಿಟ್ಟುಬಿಡಿ.

ಇನ್ನೊಂದು ಮಾತು, ನನ್ನ ಮನಸ್ಸಿಗೆ ಬಹಳ ಹತ್ತಿರದ್ದು. ಹದಿಮೂರಕ್ಕೇ ಅವನನ್ನು ವಿಂಗ್‌ಗೆ ಕಟ್ಟಿಹಾಕಲು ಬಿಡಬೇಡಿ. ಕೆಲವು ವರ್ಷಗಳ ಹಿಂದೆ ನಮ್ಮ ತಂಡದಲ್ಲಿ ಹನ್ನೊಂದು ವರ್ಷದ ಒಬ್ಬ ಹುಡುಗನಿದ್ದ. ಗಾಳಿಯ ವೇಗ. ಗೆಲ್ಲುವ ಆಸೆಗೆ ಅವನನ್ನು ಅಂಚಿನಲ್ಲಿ ನಿಲ್ಲಿಸಿದೆವು, ಆ ತೀರ್ಮಾನದಲ್ಲಿ ನಾನೂ ಇದ್ದೆ. ಒಂದು ಪಂದ್ಯ ಚೆನ್ನಾಗಿ ನೆನಪಿದೆ: ಅವನ ಕೈಗೆ ಚೆಂಡು ಬಂದದ್ದು ನಾಲ್ಕೇ ಸಲ, ಅದರಲ್ಲಿ ಮೂರು ಟ್ರೈ. ನಾವೆಲ್ಲ ಕುಣಿದೆವು. ಹದಿನೈದಾಗುವ ಹೊತ್ತಿಗೆ ಉಳಿದ ಹುಡುಗರು ಎತ್ತರವಾದರು, ಅವರ ಕಾಲಿಗೂ ವೇಗ ಬಂತು. ಇವನಿಗೆ ಎತ್ತರದ ಚೆಂಡು ಹಿಡಿಯಲು ಗೊತ್ತಿರಲಿಲ್ಲ, ಇಬ್ಬರು ಒಟ್ಟಿಗೆ ಬಂದರೆ ಯಾರನ್ನು ಹಿಡಿಯಬೇಕೆಂದು ಗೊತ್ತಿರಲಿಲ್ಲ. ಕಲಿಯಲು ಅವನಿಗೆ ಚೆಂಡೇ ಸಿಕ್ಕಿರಲಿಲ್ಲ. ಮರುವರ್ಷ ಅವನು ಆಟವನ್ನೇ ಬಿಟ್ಟ. ಆ ಹುಡುಗನನ್ನು ನೆನೆದರೆ ಇವತ್ತಿಗೂ ನನಗೆ ಸಂಕಟವಾಗುತ್ತದೆ.

ಆದ್ದರಿಂದ ಕೋಚ್ ಅವರನ್ನು ಕೇಳಿ: ಪಂದ್ಯದ ಅರ್ಧ ಭಾಗವಾದರೂ ಫುಲ್‌ಬ್ಯಾಕ್ ಅಥವಾ ಸೆಂಟರ್ (ವಿಂಗರ್‌ನ ಒಳಬದಿಯಲ್ಲಿ ನಿಲ್ಲುವವನು) ಆಗಿ ಆಡಿಸಿ ಎಂದು. ಸ್ವಲ್ಪ ಗಟ್ಟಿಯಾಗಿಯೇ ಕೇಳಿ. ರೋಜರ್ ಟುಯಿವಾಸಾ-ಶೆಕ್ 2013ರಲ್ಲಿ ರೂಸ್ಟರ್ಸ್ ಚಾಂಪಿಯನ್ ಆದಾಗ ವಿಂಗರ್, 2018ರಲ್ಲಿ ವಾರಿಯರ್ಸ್‌ನ ಫುಲ್‌ಬ್ಯಾಕ್ ಆಗಿ ವರ್ಷದ ಶ್ರೇಷ್ಠ ಆಟಗಾರನಿಗೆ ಸಲ್ಲುವ ಡ್ಯಾಲಿ ಎಂ ಪದಕ ಪಡೆದರು. ಎರಡೂ ಜಾಗಕ್ಕೆ ಬೇಕಾದ ಕಣ್ಣು ಒಂದೇ.

ಈಗ ಅಪ್ಪನ ಕ್ರಿಕೆಟ್ ವಿಷಯ. ಅವರನ್ನು ಹಿತ್ತಲಿಗೆ ಕರೆಯಿರಿ, ಅವರಿಂದ ಆಗುವ ಕೆಲಸ ದೊಡ್ಡದಿದೆ. ಬೌಂಡರಿ ಹತ್ತಿರ ಎತ್ತರದ ಕ್ಯಾಚ್ ಹಿಡಿಯುವವನಿಗೆ ಚೆಂಡು ಎಲ್ಲಿ ಇಳಿಯುತ್ತದೆ ಎಂಬ ಅಂದಾಜು ಇರುತ್ತದೆ. ವಿಂಗರ್‌ಗೆ ಮೊದಲು ಬೇಕಾದದ್ದು ಅದೇ. ವ್ಯತ್ಯಾಸ ಆಮೇಲೆ. ಈ ಚೆಂಡನ್ನು ಬರೀ ಅಂಗೈಯಲ್ಲಿ ಹಿಡಿಯುವುದಲ್ಲ. ಮೊಣಕೈಗಳು ಹತ್ತಿರ ಹತ್ತಿರ, ತೋಳುಗಳು ಮಗುವನ್ನು ಎತ್ತಿಕೊಳ್ಳುವಂತೆ, ಚೆಂಡು ಎದೆಗೆ ಅಪ್ಪಬೇಕು. ಸೊಂಟ ಸ್ವಲ್ಪ ಓರೆಯಾಗಿರಲಿ. ಕೈತಪ್ಪಿದರೂ ಚೆಂಡು ಮುಂದಕ್ಕೆ ಬೀಳದೆ ಹಿಂದಕ್ಕೆ ಬೀಳುತ್ತದೆ, ತಪ್ಪು ಅನ್ನಿಸಿಕೊಳ್ಳುವುದಿಲ್ಲ. ಜಿಗಿಯುವಾಗ ಒಂದು ಮಂಡಿ ಮೇಲಕ್ಕೆ. ಕಣ್ಣು ಚೆಂಡಿನ ಮೇಲಿಂದ ಕದಲಬಾರದು, ಎದುರಿಗೆ ಬರುವವನ ಬೂಟಿನ ಸದ್ದು ಕೇಳಿಸಿದರೂ. ಕಷ್ಟವಿರುವುದು ಆ ಸದ್ದಿನಲ್ಲೇ. ಹತ್ತು ಕ್ಯಾಚ್ ಸುಮ್ಮನೆ ಹಾಕಿಸಿ, ಮುಂದಿನ ಹತ್ತಕ್ಕೆ ತಂಗಿಯನ್ನು ಅವನ ಕಡೆಗೆ ಓಡಿಬರಲು ಹೇಳಿ. ಡಿಕ್ಕಿ ಹೊಡೆಯುವುದು ಬೇಡ, ಬದಿಯಲ್ಲಿ ಹಾದುಹೋದರೆ ಸಾಕು.

ವೇಗದ ತರಬೇತಿಗೆ ಈಗಲೇ ದುಡ್ಡು ಸುರಿಯಬೇಡಿ. ವೇಗ ಬೇಡವೆಂದಲ್ಲ, 1958ರಿಂದ 1973ರ ನಡುವೆ 212 ಟ್ರೈ ಗಳಿಸಿದ ವಿಂಗರ್ ಕೆನ್ ಇರ್ವಿನ್ 1963ರಲ್ಲಿ ಡಬ್ಬೋ ಊರಿನಲ್ಲಿ 100 ಗಜವನ್ನು 9.3 ಸೆಕೆಂಡಿನಲ್ಲಿ ಓಡಿದವರು. ಆದರೆ ಈ ವಯಸ್ಸಿನಲ್ಲಿ ಬೇಗ ಬೆಳೆದ ಹುಡುಗನೇ ವೇಗದ ಹುಡುಗ. ಯಾರ ವೇಗ ನಿಜಕ್ಕೂ ಎಷ್ಟೆಂದು ತಿಳಿಯುವುದು ಹದಿನಾರು ಹದಿನೇಳರ ಮೇಲೆ. ಶಾಲೆಯ ಅಥ್ಲೆಟಿಕ್ಸ್‌ನಲ್ಲಿ ಓಡಿದರೆ ಸದ್ಯಕ್ಕೆ ಧಾರಾಳವಾಯಿತು.

ತಲೆಗೆ ಪೆಟ್ಟಿನ ವಿಷಯದಲ್ಲಿ ಮಾತ್ರ ಯಾರ ಮುಖ ನೋಡಿಯೂ ರಾಜಿಯಾಗಬೇಡಿ. ಪೆಟ್ಟಾಗಿ ಕನ್‌ಕಷನ್, ಅಂದರೆ ಮಿದುಳಿಗೆ ಆಘಾತ, ಎಂದಾದರೆ, ಆಸ್ಟ್ರೇಲಿಯಾದ 2024ರ ಮಾರ್ಗಸೂಚಿಯ ಪ್ರಕಾರ ಮಕ್ಕಳು ಮತ್ತು ಸಮುದಾಯ ಮಟ್ಟದ ಆಟಗಾರರು ಪಂದ್ಯಕ್ಕೆ ಮರಳಲು ಕನಿಷ್ಠ 21 ದಿನ ಆಗಬೇಕು. ಮೈತಾಕುವ ಅಭ್ಯಾಸಕ್ಕೆ ಇಳಿಯುವ ಮುನ್ನ 14 ದಿನ ಯಾವ ಲಕ್ಷಣವೂ ಇರಬಾರದು. ಫೈನಲ್ ಇರಲಿ, ಏನೇ ಇರಲಿ. ‘ಹುಡುಗ ಚೆನ್ನಾಗಿಯೇ ಇದ್ದಾನಲ್ಲ’ ಎನ್ನುವ ದೊಡ್ಡವರನ್ನು ನಾನು ಕಂಡಿದ್ದೇನೆ. ಅವರ ಮಾತಿಗೆ ಕಿವಿಗೊಡಬೇಡಿ.

ಈ ಶನಿವಾರ ಒಂದು ಚೀಟಿಯಲ್ಲಿ ಮೂರು ಬರೆದುಕೊಳ್ಳಿ: ಗಾಳಿಯಲ್ಲಿ ಬಂದ ಎಷ್ಟು ಕಿಕ್ ಹಿಡಿದ, ತನ್ನ ತಂಡ ಸ್ವಂತ ಗೆರೆಯ ಹತ್ತಿರ ಸಿಕ್ಕಿಬಿದ್ದಾಗ ಎಷ್ಟು ಸಲ ತಾನಾಗಿ ಮುಂದೆ ಬಂದು ಚೆಂಡು ಕೇಳಿದ, ಚೆಂಡು ಕೈತಪ್ಪಿದ ಮೇಲೆ ಎಷ್ಟು ಬೇಗ ತನ್ನ ಜಾಗಕ್ಕೆ ಮರಳಿದ. ಟ್ರೈ ಬರೆಯುವುದು ಬೇಡ. ಆ ಚೀಟಿಯ ಫೋಟೋ ಇಲ್ಲೇ ಹಾಕಿ, ಒಟ್ಟಿಗೆ ನೋಡೋಣ.

ಮತ್ತೆ, ಭಾನುವಾರ ಬೆಳಗ್ಗೆ ಎಂಟಕ್ಕೆ ನಾನೂ ನನ್ನ ದೊಡ್ಡ ಮಗನೂ ಮನೆ ಹತ್ತಿರದ ಪಾರ್ಕಿನಲ್ಲಿ ಇರುತ್ತೇವೆ. ಅವನು ಎತ್ತರಕ್ಕೆ ಒದೆಯುತ್ತಾನೆ, ನಿಮ್ಮವನು ಹಿಡಿಯಲಿ. ವಿಳಾಸವನ್ನು ಮೆಸೇಜ್ ಮಾಡುತ್ತೇನೆ. ಅಪ್ಪನೂ ಬರಲಿ. ಒಂದು ಹಳೆಯ ಟವೆಲ್ ತನ್ನಿ, ಆ ಹೊತ್ತಿಗೆ ಹುಲ್ಲು ಇನ್ನೂ ಒದ್ದೆಯಾಗಿರುತ್ತದೆ.